ನಾಳೆಯ ಚಿಂತೆ, ಈ ಹೊತ್ತಿನ ರೊಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಬುಧವಾರ ಸಂಜೆ ಹೆಣ್ಣುಮಕ್ಕಳ ಪ್ರಾರ್ಥನಾ ಕೂಟ ಸೇರುತ್ತದೆ. ಹಾಡು, ವಾಕ್ಯ, ಪ್ರಾರ್ಥನೆ, ಆಮೇಲೆ ಚಹಾ. ನಿಜವಾದ ಪ್ರಶ್ನೆಗಳು ಬರುವುದು ಚಹಾ ಮುಗಿದ ಮೇಲೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ. "ಅಕ್ಕಾರ, ಒಂದು ಮಾತು ಕೇಳ್ಲೇನ್ರಿ?" ಎಂದು ದನಿ ಇಳಿಸಿ ಕೇಳುತ್ತಾರೆ. ಎಲ್ಲರೆದುರು ಕೇಳಿದರೆ ತಮ್ಮ ವಿಶ್ವಾಸ ಕಡಿಮೆ ಎಂದು ತಿಳಿದಾರು ಎಂಬ ಅಂಜಿಕೆ. ಹಾಗೆ ಬಾಗಿಲಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುವವಳು, ದೇವಶಾಸ್ತ್ರ ಓದಿದವಳಲ್ಲ. ಆದರೆ ಚಿಂತೆ ಎದೆಯ ಮೇಲೆ ಹೇಗೆ ಕೂತುಬಿಡುತ್ತದೆ ಎಂಬುದನ್ನು ಅನುಭವಿಸಿದವಳು.

ವಿಶ್ವಾಸ ಇದ್ದವರಿಗೆ ಹೆದರಿಕೆ ಬರಬಾರದಲ್ಲವೇ?

ಬರುತ್ತದೆ. 56ನೇ ಕೀರ್ತನೆಯಲ್ಲಿ ದಾವೀದನು ಹೆದರಿಕೆ ಉಂಟಾದಾಗಲೇ ದೇವರನ್ನು ಆಶ್ರಯಿಸುತ್ತೇನೆ ಅನ್ನುತ್ತಾನೆ. ಹೆದರಿಕೆಯೂ ಭರವಸೆಯೂ ಅಲ್ಲಿ ಒಂದೇ ಉಸಿರಿನಲ್ಲಿವೆ. ಮಾರ್ಕನ 9ನೇ ಅಧ್ಯಾಯದಲ್ಲಿ ಮಗನ ಬೇನೆಯಿಂದ ಸೋತುಹೋದ ತಂದೆಯೊಬ್ಬ ಯೇಸುವಿನ ಮುಂದೆ ನಿಂತು, ನಂಬುತ್ತೇನೆ, ನನ್ನಲ್ಲಿ ನಂಬಿಕೆ ಇಲ್ಲದ ಕಡೆ ಸಹಾಯ ಮಾಡು ಎಂದು ಕೂಗುತ್ತಾನೆ. ಅಷ್ಟು ಅರೆಬರೆ ನಂಬಿಕೆ ಇಟ್ಟುಕೊಂಡು ಬಂದವನನ್ನು ಯೇಸು ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಎಂದು ಕಳಿಸಲಿಲ್ಲ, ಮಗನನ್ನು ವಾಸಿಮಾಡಿದನು.

ಇನ್ನು ಗೆತ್ಸೇಮನೆ ತೋಟದ ಆ ರಾತ್ರಿ. ಯೇಸು ತನ್ನ ಶಿಷ್ಯರಿಗೆ, ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಎಂದನು. ದೇವಕುಮಾರನೇ ಸಂಕಟದ ಹೊತ್ತಿನಲ್ಲಿ ಹತ್ತಿರ ಯಾರಾದರೂ ಇರಲಿ ಎಂದು ಬಯಸಿದನು. ಹಾಗಿರುವಾಗ ನಡುಗುವ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಆರಾಧನೆಗೆ ಬರಬೇಕಾಗಿಲ್ಲ ತಂಗಿ.

ಆದರೆ ಯೇಸು "ಚಿಂತೆ ಮಾಡಬೇಡಿರಿ" ಎಂದು ಹೇಳಿದ್ದಾನಲ್ಲ. ಚಿಂತಿಸುವುದು ಪಾಪವೇ?

ಮತ್ತಾಯ 6ರಲ್ಲಿ ಆ ಮಾತು ಮೂರು ಸಲ ಬರುತ್ತದೆ. ಯಾರಿಗೆ ಹೇಳಿದನು ನೋಡಿ: ಗಲಿಲಾಯದ ಮೀನುಗಾರರು, ಕೂಲಿಯವರು, ರೋಮನರ ತೆರಿಗೆಯ ಕೆಳಗೆ ಬದುಕುತ್ತಿದ್ದವರು. ನಾಳೆ ಏನು ಉಣ್ಣುವುದು ಎಂಬುದು ಅವರಿಗೆ ಕಣ್ಣೆದುರಿನ ಪ್ರಶ್ನೆ. ಅಂಥವರಿಗೆ ಹೇಳಿದ ಈ ಮಾತನ್ನು ನಾವು ಗದರಿಕೆಯಂತೆ ಓದುತ್ತೇವೆ. ಕರೆಂಟ್ ಹೋದ ರಾತ್ರಿ ಅಳುವ ಮಗುವಿಗೆ ತಾಯಿ "ಅಂಜಬ್ಯಾಡ, ನಾ ಇಲ್ಲೇ ಅದೀನಿ" ಅನ್ನುತ್ತಾಳಲ್ಲ, ಆ ದನಿಯಲ್ಲಿ ಓದಿ ನೋಡಿ. ಅಂಜಿದ್ದಕ್ಕೆ ಮಗುವಿಗೆ ಯಾವ ತಾಯಿಯೂ ಶಿಕ್ಷೆ ಕೊಡುವುದಿಲ್ಲ.

ಆಕಾಶದಲ್ಲಿ ಹಾರಾಡುವ ಹಕ್ಕಿಗಳನ್ನು ನೋಡಿರಿ ಎಂದನು. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ದೂರದೂರದ ಹಕ್ಕಿಗಳು ಬರುತ್ತವೆ. ಒಮ್ಮೆ ಹೋಗಿ ದಂಡೆಯ ಮೇಲೆ ಕುಳಿತುಕೊಳ್ಳಿ. ಬೆಳಗಿನಿಂದ ಕೊಕ್ಕು ನೀರಲ್ಲೇ ಇರುತ್ತದೆ, ಅವು ಸುಮ್ಮನೆ ಕೂತು ಉಣ್ಣುವುದಿಲ್ಲ. ಆದರೆ ನಾಳೆಯ ಮೀನನ್ನು ನೆನೆದು ಇಂದಿನ ಮೀನನ್ನು ಬಿಡುವುದೂ ಇಲ್ಲ. ಆ ಅಧ್ಯಾಯದ ಕೊನೆಯ ವಚನದಲ್ಲಿ ಯೇಸು ತೊಂದರೆ ಬರುವುದಿಲ್ಲ ಎಂದು ಹೇಳಿಲ್ಲ. ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು ಎಂದನು. ಪಾಡು ಇದೆ, ಹೊರುವುದು ಮಾತ್ರ ಒಂದು ದಿನದ್ದು.

ನನಗೆ ಇಡೀ ವಿಷಯ ಇಲ್ಲೇ ಇದೆ ಅನ್ನಿಸುತ್ತದೆ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಚಿಕ್ಕಂದಿನಿಂದ ಹೇಳುತ್ತಿದ್ದೇವೆ: "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಅದರಲ್ಲಿ "ಈ ಹೊತ್ತು" ಎಂಬ ಎರಡು ಶಬ್ದಗಳ ಮೇಲೆ ನಾಲಿಗೆ ಜಾರಿಹೋಗುತ್ತದೆ. ನಾನು ಮೂವತ್ತು ವರ್ಷ ಜಾರಿಸಿದ್ದೇನೆ.

ಹಾಗಾದರೆ ಉಳಿತಾಯ, ವಿಮೆ, ಮಕ್ಕಳ ಹೆಸರಲ್ಲಿ ಠೇವಣಿ ಇಡುವುದು ಅವಿಶ್ವಾಸವೇ?

ಅಲ್ಲ. ಅಡವಿಯಲ್ಲಿ ಇಸ್ರಾಯೇಲರು, ದೇವರು ದಿನದಿನ ಕೊಡುತ್ತಿದ್ದ ಮನ್ನ ಎಂಬ ಆಹಾರವನ್ನು ನಾಳೆಗೆಂದು ಮುಚ್ಚಿಟ್ಟಾಗ ಹುಳ ಬಿದ್ದು ನಾರಿತು ನಿಜ. ಅದೇ ಅಧ್ಯಾಯದಲ್ಲಿ, ವಿಮೋಚನಕಾಂಡ 16ರಲ್ಲೇ, ಆರನೆಯ ದಿನ ಎರಡು ಪಟ್ಟು ಕೂಡಿಸಿರಿ ಎಂದು ಅಪ್ಪಣೆಯೂ ಇದೆ. ಆ ದಿನ ಇಟ್ಟದ್ದು ಕೆಡಲಿಲ್ಲ. ಯೋಸೇಫನು ಐಗುಪ್ತದಲ್ಲಿ ಏಳು ಸುಭಿಕ್ಷ ವರ್ಷಗಳ ಬೆಳೆಯಲ್ಲಿ ಐದನೆಯ ಒಂದು ಪಾಲನ್ನು ಶೇಖರಿಸಿದ್ದರಿಂದ ಬರದ ವರ್ಷಗಳಲ್ಲಿ ಜನ ಬದುಕಿದರು. ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಗೇವು ತೋಡಿ ಜೋಳ ಇಡುತ್ತಿದ್ದರು. 1876-78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹೇಗೆ ಬಡಿಯಿತು ಎಂಬುದನ್ನು ಬಲ್ಲ ಊರಿನಲ್ಲಿ ಕಾಳು ಕೂಡಿಡಬೇಡ ಎಂದು ಯಾರು ಹೇಳಿಯಾರು? ಖಡಕ್ ರೊಟ್ಟಿಯನ್ನು ಒಣಗಿಸಿ ಬುಟ್ಟಿ ತುಂಬಿಡುವ ನಾವು ವಿವೇಕಕ್ಕೆ ಹೊಸಬರಲ್ಲ.

ಕೂಡಿಡುವುದೇನೋ ಸರಿ. ಕೂಡಿಟ್ಟದ್ದನ್ನು ಎಣಿಸಿ ಎಣಿಸಿ ನಿದ್ದೆ ಕೆಡಿಸಿಕೊಂಡರೆ ಮಾತ್ರ ಮನ್ನಕ್ಕೆ ಹುಳ ಬಿದ್ದಂತೆ.

ಆಲಮಟ್ಟಿ ಎತ್ತರ ಏರಿಸಿದರೆ ಮತ್ತೆ ಮನೆ, ಹೊಲ ಬಿಡಬೇಕಾಗುತ್ತದೆ. ಏನನ್ನು ನಂಬಿ ಮನೆ ಕಟ್ಟಲಿ, ಗಿಡ ಹಚ್ಚಲಿ?

ಈ ಪ್ರಶ್ನೆಗೆ ಅವಸರದ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಹಳೆಯ ಬಾಗಲಕೋಟೆಯಲ್ಲಿ ನಮ್ಮ ಅತ್ತೆಯವರ ಮನೆ ಇದ್ದ ಓಣಿ ಹಿನ್ನೀರಿಗೆ ಹೋಯಿತು. ನವನಗರದ ಸೆಕ್ಟರಿಗೆ ಬಂದ ಮೇಲೆ ಎಷ್ಟೋ ವರ್ಷ ಅತ್ತೆ "ಊರಿಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು, ಊರೇ ಇಲ್ಲದಿದ್ದರೂ. ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಕೃಷ್ಣೆಯ ದಂಡೆಯ ಊರುಗಳಲ್ಲಿ ಜನ ಗಿಡ ನೆಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ನಾಲ್ಕೂವರೆ ಮೀಟರ್ ಚಿಲ್ಲರೆ ಎಂಬುದು ಕಾಗದದ ಮೇಲೆ ಒಂದು ಅಂಕಿ, ಅವರಿಗೆ ಅದು ಅಂಗಳದ ಬೇವಿನ ಗಿಡ.

ಯೆರೆಮೀಯ 29:11 ನಮ್ಮಲ್ಲಿ ಬಹಳ ಮನೆಗಳ ಗೋಡೆಯ ಮೇಲಿದೆ: ನಿಮಗೆ ಗತಿ ಇರಲಿ, ನಿರೀಕ್ಷೆ ಇರಲಿ ಎಂಬ ದೇವರ ಆಲೋಚನೆ. ಆ ಅಧ್ಯಾಯ ಒಂದು ಕಾಗದ ಎಂಬುದನ್ನು ಮಾತ್ರ ಮರೆತಿದ್ದೇವೆ. ಮನೆಮಾರು ಕಳೆದುಕೊಂಡು ಬಾಬಿಲೋನಿಗೆ ಸೆರೆಹೋದವರಿಗೆ ಯೆರೂಸಲೇಮಿನಿಂದ ಬರೆದದ್ದು. ಐದನೆಯ ವಚನ ಏನು ಹೇಳುತ್ತದೆ? ಮನೆ ಕಟ್ಟಿ ವಾಸಮಾಡಿರಿ, ತೋಟ ಮಾಡಿ ಅದರ ಫಲ ತಿನ್ನಿರಿ. ಏಳನೆಯದು: ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಹತ್ತನೆಯದು: ಎಪ್ಪತ್ತು ವರ್ಷ ಆಗಬೇಕು. ಅದಾದ ಮೇಲೆ ಹನ್ನೊಂದನೆಯ ವಚನ. ಓದಿದವರಲ್ಲಿ ಹೆಚ್ಚಿನವರು ಆ ಎಪ್ಪತ್ತು ವರ್ಷ ಬದುಕಿರಲಾರರು, ಅದು ಅವರಿಗೂ ಗೊತ್ತು. ಆದರೂ ಗಿಡ ಹಚ್ಚಿರಿ ಎಂದನು. ತಿನ್ನುವವರು ಯಾರೋ ಇದ್ದಾರೆ.

ಅತ್ತೆ ಹಳೆಯ ಮನೆಯ ಮಲ್ಲಿಗೆ ಬಳ್ಳಿಯ ತುಂಡೊಂದನ್ನು ತಂದಿದ್ದರು. ಇಲ್ಲಿಯ ಕಲ್ಲುಮಣ್ಣಿನಲ್ಲಿ ಎರಡು ಸಲ ಒಣಗಿತು. ಮೂರನೆಯ ಸಲ ಹಚ್ಚಿದ್ದು ಹಿಡಿಯಿತು. ನಮ್ಮ ಸಭೆಯ ಹುಡುಗಿಯರು ಈಗ ಅದರ ಹೂವನ್ನೇ ಮುಡಿದು ಹಬ್ಬಕ್ಕೆ ಹೋಗುತ್ತಾರೆ. ಪರಿಹಾರದ ಕಾಗದಪತ್ರ, ಉತಾರ, ಅರ್ಜಿ ಎಲ್ಲ ಸರಿಯಾಗಿ ಇಟ್ಟುಕೊಳ್ಳಿ, ಹಕ್ಕನ್ನು ಬಿಡಬೇಡಿ. ಮಳೆ ಬಿದ್ದಾಗ ಗಿಡವನ್ನೂ ಹಚ್ಚಿ.

"ದೇವರು ಇಟ್ಟಂಗ ಇರೋದು" ಅನ್ನುತ್ತಾರಲ್ಲ, ಭರವಸೆ ಎಂದರೆ ಅದೇ ತಾನೇ?

ಈ ಮಾತನ್ನು ನಮ್ಮ ನೆರೆಯವರೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ದಣಿದ ಮನಸ್ಸಿಗೆ ಅದರಲ್ಲಿ ಒಂದು ತಂಪು ಇದೆ. ಆದರೆ ಕೆಲವು ಸಲ ಅದು ಹಣೆಬರಹ ಎಂದು ಕೈಕಟ್ಟಿ ಕೂರುವುದಾಗಿಬಿಡುತ್ತದೆ. ಅಪೊಸ್ತಲರ ಕೃತ್ಯಗಳು 27ನ್ನು ಓದಿ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ. ಒಬ್ಬರ ಪ್ರಾಣವೂ ಹೋಗುವುದಿಲ್ಲ ಎಂದು ಪೌಲನಿಗೆ ದೇವದೂತನು ಹೇಳಿದ್ದಾನೆ. ಆದರೂ ನಾವಿಕರು ದೋಣಿ ಇಳಿಸಿ ಓಡಿಹೋಗಲು ನೋಡಿದಾಗ ಪೌಲನು, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಸಿಪಾಯಿಗಳಿಗೆ ಹೇಳುತ್ತಾನೆ. ವಾಗ್ದಾನ ಕೈಯಲ್ಲಿದ್ದವನೇ ಹಗ್ಗ ಯಾರು ಹಿಡಿದಿದ್ದಾರೆ ಎಂದು ನೋಡುತ್ತಿದ್ದನು. ಹದಿನಾಲ್ಕನೆಯ ದಿನ ಬೆಳಗಾಗುವ ಮುಂಚೆ ರೊಟ್ಟಿ ತೆಗೆದು, ದೇವರಿಗೆ ಸ್ತೋತ್ರ ಹೇಳಿ, ಮುರಿದು, ಎಲ್ಲರೂ ಉಣ್ಣಿರಿ ಎಂದನು. ಗಾಳಿ ಇನ್ನೂ ನಿಂತಿರಲಿಲ್ಲ.

ಸಂಘದ ಸಾಲ, ಫೈನಾನ್ಸ್ ಸಾಲ ಮೈಮೇಲೆ ಬಂದಿದೆ. ಪ್ರಾರ್ಥನೆ ಮಾಡಲು ಕೂತರೂ ಕಂತಿನ ದಿನವೇ ಕಣ್ಣಮುಂದೆ ಬರುತ್ತದೆ.

ಕಂತನ್ನೇ ಪ್ರಾರ್ಥನೆ ಮಾಡಿ. ಎಷ್ಟು ರೂಪಾಯಿ, ಯಾವ ತಾರೀಖು, ಯಾರಿಗೆ ಎಂದು ದೇವರಿಗೆ ಬಿಡಿಸಿ ಹೇಳಿ. 2 ಅರಸುಗಳು 4ರಲ್ಲಿ ಒಬ್ಬ ವಿಧವೆ ಪ್ರವಾದಿ ಎಲೀಷನ ಹತ್ತಿರ ಬರುತ್ತಾಳೆ. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಒಯ್ಯಲು ಬಂದಿದ್ದಾನೆ. ಎಲೀಷನು ಮೊದಲು ಕೇಳಿದ್ದು: ಮನೆಯಲ್ಲಿ ಏನಿದೆ? ಒಂದು ಮೊಗೆ ಎಣ್ಣೆ. ನೆರೆಮನೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತಾ ಎಂದನು. ಎಣ್ಣೆ ತುಂಬಿಸಿದ್ದು ದೇವರು. ಆದರೆ ಆಕೆ ನಾಚಿಕೆ ಬಿಟ್ಟು ಓಣಿಯಲ್ಲಿ ಬಾಗಿಲು ಬಾಗಿಲು ತಟ್ಟಬೇಕಾಯಿತು. ಸಾಲದ ಅರ್ಧ ಭಾರ ಅದನ್ನು ಬಚ್ಚಿಡುವುದರಲ್ಲಿದೆ. ಗಂಡನಿಗೆ ಗೊತ್ತಿಲ್ಲದ ಸಾಲ ಇದ್ದರೆ ಮೊದಲು ಅವರಿಗೆ ಹೇಳಿ. ಒಬ್ಬರೇ ಹೇಳಲು ಅಂಜಿಕೆಯಾದರೆ ಸಭೆಯ ಹಿರಿಯರೊಬ್ಬರನ್ನು ಕರೆದುಕೊಂಡು ಕೂತು ಹೇಳಿ.

ಒಂದು ಸಾಲ ತೀರಿಸಲು ಮತ್ತೊಂದು ಎತ್ತಬೇಡಿ. ವಸೂಲಿಗೆ ಬಂದವರು ಬೆದರಿಸಿದರೆ, ಮನೆ ಮುಂದೆ ಕೂಗಾಡಿ ಮರ್ಯಾದೆ ತೆಗೆದರೆ ಸುಮ್ಮನಿರಬೇಕಾಗಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು.

ಗುಳಿಗೆ ತೆಗೆದುಕೊಂಡರೆ ದೇವರ ಮೇಲೆ ನಂಬಿಕೆ ಇಲ್ಲ ಎಂದಂತಾಗುವುದಿಲ್ಲವೇ?

ಇದಕ್ಕೆ ನನ್ನ ಕಥೆಯನ್ನೇ ಹೇಳುತ್ತೇನೆ. ನನ್ನ ತವರು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯಲ್ಲಿ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂತು. ಅವ್ವನನ್ನು ರಾತ್ರಿ ಟ್ರ್ಯಾಕ್ಟರಿನಲ್ಲಿ ಕೂಡಿಸಿ ಹೊರಗೆ ತಂದರು. ಜೀವ ಉಳಿಯಿತು, ಎಮ್ಮೆ ಹೋಯಿತು, ಗೋಡೆ ಕುಸಿಯಿತು. ಸಭೆಯಲ್ಲಿ ನಿಂತು ಸಾಕ್ಷಿ ಹೇಳಿದೆ, ದೇವರು ಕಾಪಾಡಿದನೆಂದು. ಅದು ನಿಜವೇ. ಆದರೆ ಆ ದೀಪಾವಳಿ ದಾಟಿದ ಮೇಲೆ ತಗಡಿನ ಮೇಲೆ ನಾಲ್ಕು ಹನಿ ಬಿದ್ದರೂ ನನ್ನ ಎದೆ ಡವಡವ ಬಡಿದುಕೊಳ್ಳತೊಡಗಿತು. ಕೈಕಾಲು ತಣ್ಣಗಾಗುತ್ತಿದ್ದವು, ಉಸಿರು ಸಿಕ್ಕಿದಂತೆ ಆಗುತ್ತಿತ್ತು, ಇದೇ ಕೊನೆ ಅನ್ನಿಸುತ್ತಿತ್ತು. ಹತ್ತು ಹದಿನೈದು ನಿಮಿಷಕ್ಕೆ ತಾನೇ ಇಳಿಯುತ್ತಿತ್ತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಹೇಳಿಕೊಂಡಾಗ ಬಹಳ ಬೇಕಾದವರೊಬ್ಬರು, "ಉಪವಾಸ ಮಾಡು, ಗುಳಿಗಿ ನುಂಗಿದ್ರ ದೇವರನ್ನ ಬಿಟ್ಟಂಗ" ಎಂದರು. ಉಪವಾಸ ಮಾಡಿದೆ. ಮೊದಲೇ ನಿದ್ದೆ ಇಲ್ಲದ ದೇಹ ಮತ್ತಷ್ಟು ಸೋತಿತು.

ಆಗ ನನಗೆ ದಾರಿ ತೋರಿಸಿದ್ದು 1 ಅರಸುಗಳು 19. ಎಲೀಯನು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿದನು. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ ಆತ! ದೇವದೂತನು ಬಂದು ಬುದ್ಧಿ ಹೇಳಲಿಲ್ಲ, ವಾಕ್ಯ ಓದಲಿಲ್ಲ. ಮುಟ್ಟಿ ಎಬ್ಬಿಸಿ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಲು ಬಿಟ್ಟನು. ಎರಡನೆಯ ಸಲ ಎಬ್ಬಿಸಿ, ಉಣ್ಣು, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದನು. ದೇವರು ಮೊದಲು ದೇಹವನ್ನು ನೋಡಿದನು. ಪೌಲನೂ ಹಾಗೆಯೇ. ಹೊಟ್ಟೆಬೇನೆಯ ತಿಮೊಥೆಯನಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದನು. ಲೂಕನನ್ನು ಪ್ರಿಯ ವೈದ್ಯ ಎಂದು ಕರೆದನು.

ಮನೋವೈದ್ಯರ ಹತ್ತಿರ ಹೋದೆ. ಇದು ಬೇನೆ, ಇದಕ್ಕೆ ಹೆಸರಿದೆ, ಔಷಧ ಇದೆ ಎಂದು ಅವರು ಹೇಳಿದಾಗಲೇ ಅರ್ಧ ಹಗುರಾದೆ. ಗುಳಿಗೆ ಕೆಲಸ ಮಾಡಲು ಕೆಲವು ವಾರ ಬೇಕಾದವು. ಆರಾಮ ಅನ್ನಿಸಿದ ಕೂಡಲೇ ಬಿಡಬೇಡಿ, ನಾವೇ ನಿಧಾನ ಇಳಿಸುತ್ತೇವೆ ಎಂದು ಎಚ್ಚರಿಸಿದ್ದರು, ಹಾಗೇ ಮಾಡಿದೆ. ನಿದ್ದೆ ಮರಳಿದ ಮೇಲೆ ನನ್ನ ಪ್ರಾರ್ಥನೆಯೂ ಮರಳಿತು.

ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಟೆಲಿಮನಸ್ ಎಂಬ ಸರಕಾರದ ಸಹಾಯವಾಣಿಯ ಸಂಖ್ಯೆ 14416. ಹಗಲುರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸುತ್ತಿದ್ದರೆ ಬುಧವಾರದವರೆಗೆ ಕಾಯಬೇಡಿ. ಈಗಲೇ ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ.

ಕೂಟದಲ್ಲಿ ಒಬ್ಬರು "ಮೂರು ತಿಂಗಳಲ್ಲಿ ನಿನ್ನ ಮಗನಿಗೆ ನೌಕರಿ" ಎಂದು ಪ್ರವಾದನೆ ಹೇಳಿದರು. ಆಗಲಿಲ್ಲ. ಕಾಣಿಕೆ ಕಡಿಮೆಯಾಯಿತೇನೋ?

ಇಲ್ಲವ್ವ, ನಿನ್ನ ಕಾಣಿಕೆಗೆ ಏನೂ ಆಗಿಲ್ಲ. ಬಾಬಿಲೋನಿನ ಕಾಲದಲ್ಲೂ ಇಂಥದ್ದೇ ಆಯಿತು. ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದನು. ಜನಕ್ಕೆ ಹಿತವಾಯಿತು. ಯೆರೆಮೀಯನು ಆಮೆನ್, ಹಾಗೇ ಆಗಲಿ ಎಂದನು. ಆದರೆ ದೇವರು ಅವನನ್ನು ಕಳಿಸಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ದಿನಾಂಕ ಹಾಕಿ ಸಮಾಧಾನ ಹೇಳುವವರು ನಿಮ್ಮ ಆತಂಕವನ್ನು ಮೂರು ತಿಂಗಳು ಮುಂದೆ ತಳ್ಳುತ್ತಾರೆ, ಅಷ್ಟೆ. ಇಷ್ಟು ಕೊಟ್ಟರೆ ಇಷ್ಟು ಬರುತ್ತದೆ ಎಂದು ಕಾಣಿಕೆಯ ಲೆಕ್ಕ ಹೇಳುವವರಿಂದ ದೂರವಿರಿ. ಔಷಧದ ದುಡ್ಡನ್ನೋ ಮಗಳ ಫೀಸನ್ನೋ ಹಾಗೆ ಕೊಟ್ಟು ಬಂದವರನ್ನು ನಾನು ನೋಡಿದ್ದೇನೆ. ಅವರ ಮುಖ ಮರೆಯಲಾರೆ.

ಎಷ್ಟು ಪ್ರಾರ್ಥಿಸಿದರೂ ಆಗಲಿಲ್ಲ. ದೇವರು ಕೇಳುತ್ತಿಲ್ಲವೇ?

13ನೇ ಕೀರ್ತನೆ ತೆಗೆಯಿರಿ. ಮೊದಲ ಎರಡು ವಚನಗಳಲ್ಲಿ ದಾವೀದನು ನಾಲ್ಕು ಸಲ ಎಷ್ಟರವರೆಗೆ ಎಂದು ಕೇಳಿದ್ದಾನೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಹಲ್ಲೆಲೂಯ ಕೂಡ ಇಲ್ಲ. ಅದನ್ನೂ ದೇವರು ತನ್ನ ಗ್ರಂಥದಲ್ಲಿ ಉಳಿಸಿಕೊಂಡಿದ್ದಾನೆ. ನಿಮ್ಮ ಅಳುವಿಗೂ ಅಲ್ಲಿ ಜಾಗ ಇದೆ. ಪೌಲನು ತಾನು ಶರೀರದ ಮುಳ್ಳು ಎಂದು ಕರೆದ ಬಾಧೆ ಹೋಗಲಿ ಎಂದು ಮೂರು ಸಲ ಬೇಡಿದನು, ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು.

ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವ ನಮ್ಮ ಸಂಬಂಧಿಕರಿದ್ದಾರೆ. ಅಕ್ಟೋಬರಿನಲ್ಲಿ ಬಳ್ಳಿ ಸವರಿದ ಮೇಲೆ ಅಕಾಲ ಮಳೆ ಹಿಡಿದರೆ ದಾವಣಿ ರೋಗ ಬಿದ್ದು ಗೊನೆಗಳು ಕಣ್ಣೆದುರೇ ಹಾಳಾಗುತ್ತವೆ. ಮುಂದೆ ಶೆಡ್ಡಿನಲ್ಲಿ ಒಣದ್ರಾಕ್ಷಿ ಹಾಕಿದಾಗಲೂ ಮೋಡದ ಕಡೆಗೇ ಕಣ್ಣು. ಅಂಥದೊಂದು ವರ್ಷ ಆ ಮನೆಯ ಯಜಮಾನರು ಹಬಕ್ಕೂಕನ ಕೊನೆಯ ಅಧ್ಯಾಯವನ್ನು ತಾವೇ ಕೇಳಿ ಓದಿಸಿದರು: ದ್ರಾಕ್ಷಿಯಲ್ಲಿ ಫಲವಿಲ್ಲದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು. ಓದಿ ಮುಗಿಸಿದಾಗ ಅವರು, "ಉಲ್ಲಾಸ ನನಗ ಇನ್ನೂ ಬಂದಿಲ್ಲ. ಆದ್ರ ನನ್ನಂಥವ ಒಬ್ಬ ಇದ್ದ ಅಂತ ತಿಳೀತು" ಎಂದರು. ಆ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ.

ಚಿಂತೆಯಲ್ಲಿರುವವರಿಗೆ ಏನು ಹೇಳಬೇಕು?

ಕಡಿಮೆ ಹೇಳಿ. ಯೋಬನ ಗೆಳೆಯರು ಏಳು ದಿನ ಬಾಯಿ ತೆರೆಯದೆ ಜೊತೆಗೆ ಕೂತಿದ್ದರು. ತಪ್ಪಾದದ್ದು ಮಾತಾಡಲು ಶುರುಮಾಡಿದ ಮೇಲೆ. ಪಲ್ಯ ರೊಟ್ಟಿ ಕಟ್ಟಿಕೊಂಡು ಹೋಗಿ, ಆಸ್ಪತ್ರೆಯ ಸರದಿಯಲ್ಲಿ ಜೊತೆಗೆ ನಿಲ್ಲಿ.

ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಫೋನ್ ಎತ್ತದಿದ್ದರೆ ಜೀವ ಹೋದಂತಾಗುತ್ತದೆ.

ನನಗೂ ಆಗುತ್ತದೆ. ಮಗಳೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ: ರಾತ್ರಿ ಒಂಬತ್ತಕ್ಕೆ ಒಂದು ಮೆಸೇಜ್, ಬರೀ "ಉಂಡೆ ಅವ್ವ" ಎಂದರೂ ಸಾಕು. ನಡುವೆ ಹತ್ತು ಸಲ ಫೋನ್ ಮಾಡುವುದನ್ನು ಬಿಟ್ಟಿದ್ದೇನೆ. ಕೈ ಫೋನಿನ ಕಡೆ ಹೋದಾಗ ಅವಳ ಹೆಸರು ಹಿಡಿದು ಒಂದು ಸಾಲು ಪ್ರಾರ್ಥನೆ.

ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ. ಆಗ ಏನು ಮಾಡಲಿ?

ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ನೀರು ಕುಡಿಯಿರಿ. ಫೋನ್ ಮುಟ್ಟಬೇಡಿ, ಗಡಿಯಾರ ನೋಡಬೇಡಿ. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಎದೆಬಡಿತ ಇಳಿಯುತ್ತದೆ. ನಾನೊಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಹೆದರಿಕೆಯನ್ನು ಹೆಸರು ಹಿಡಿದು ಬರೆಯುತ್ತೇನೆ: ಅವ್ವನ ಕಣ್ಣಿನ ಆಪರೇಶನ್, ಬಾಡಿಗೆ, ಸ್ಕ್ಯಾನ್ ರಿಪೋರ್ಟ್. ಬಲಗಡೆ ಬೆಳಗಾದ ಮೇಲೆ ನಾನು ಮಾಡಬಹುದಾದ ಒಂದೇ ಒಂದು ಕೆಲಸ. ಬಲಗಡೆ ಏನೂ ಬರೆಯಲಾಗದ ಸಾಲುಗಳೇ ಹೆಚ್ಚು. ಅವುಗಳ ಮೇಲೆ ಕೈ ಇಟ್ಟು, ಇದು ನಿನ್ನದು ಎಂದು ಮೆಲ್ಲಗೆ ಹೇಳುತ್ತೇನೆ. 121ನೇ ಕೀರ್ತನೆಯಲ್ಲಿ ನಮ್ಮನ್ನು ಕಾಯುವಾತನು ತೂಕಡಿಸುವುದಿಲ್ಲ ಎಂದಿದೆ. ಆತನು ಎಚ್ಚರವಾಗಿದ್ದಾನೆ, ಇಬ್ಬರೂ ಎಚ್ಚರವಾಗಿರುವುದು ಏಕೆ ಎಂದುಕೊಂಡು ಚಾಪೆಯ ಮೇಲೆ ಒರಗುತ್ತೇನೆ.

ಕೆಲವು ರಾತ್ರಿ ನಿದ್ದೆ ಬರುತ್ತದೆ. ಬಾರದ ರಾತ್ರಿ ಅಲ್ಲೇ ಒರಗಿರುತ್ತೇನೆ. ಐದರ ಸುಮಾರಿಗೆ ಪಕ್ಕದ ಮನೆಯ ಕಾಕು ರೊಟ್ಟಿ ಬಡಿಯಲು ಶುರುಮಾಡುತ್ತಾರೆ. ಆ ಸಪ್ಪಳ ಕೇಳಿ ಎದ್ದು ನಮ್ಮ ಒಲೆ ಹಚ್ಚುತ್ತೇನೆ.